ನಿಲ್ಲಲು ಜಾಗ ಎಲ್ಲಿ ಸಿಗುತ್ತದೆ? ಮದುವೆ ಫೋಟೊಗೆ ಲೆನ್ಸ್ ಆರಿಸಿದ ಅನುಭವ

ಮದುವೆ ಫೋಟೊ ತೆಗೆಯಲು ಯಾವ ಲೆನ್ಸ್ ಬೇಕು ಅಂತ ಯಾರನ್ನು ಕೇಳಿದರೂ ಮೂರು ನಂಬರ್ ಥಟ್ಟನೆ ಬರುತ್ತವೆ. 16-35, 24-70, 70-200. ಎಂಎಂ ನಂಬರ್ ಚಿಕ್ಕದಾದಷ್ಟು ಅಗಲದ ನೋಟ, ದೊಡ್ಡದಾದಷ್ಟು ದೂರದ್ದು ಹತ್ತಿರ. ಮೂರೂ ಎಫ್ 2.8. ಈ ಎಫ್ ನಂಬರ್ ಚಿಕ್ಕದಾದಷ್ಟು ಲೆನ್ಸ್ ಜಾಸ್ತಿ ತೆರೆಯುತ್ತದೆ, ಬೆಳಕು ಜಾಸ್ತಿ ಬರುತ್ತದೆ. ಇನ್ನು ಕೆಲವರು ಜೂಮ್ ಸಹವಾಸವೇ ಬೇಡ, 35 ಮತ್ತು 85, ಎರಡು ಪ್ರೈಮ್ (ಜೂಮ್ ಆಗದ ಲೆನ್ಸ್) ಇದ್ದರೆ ಸಾಕು ಅನ್ನುತ್ತಾರೆ. ಎರಡೂ ಕಡೆಯವರ ಫೋಟೊ ಚೆನ್ನಾಗಿಯೇ ಇರುತ್ತವೆ. ಹಾಗಾಗಿ ಫೋಟೊ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ.

ಒಬ್ಬ ಸೀನಿಯರ್ ಫೋಟೊಗ್ರಾಫರ್ ಹತ್ತಿರ ಅಸಿಸ್ಟೆಂಟ್ ಆಗಿದ್ದ ನಾನು ಸ್ವಂತವಾಗಿ ಮದುವೆಗಳನ್ನು ಒಪ್ಪಿಕೊಳ್ಳಲು ಶುರು ಮಾಡಿದಾಗ ಎದುರಿಗಿದ್ದದ್ದು ಇದೇ ಪ್ರಶ್ನೆ. ಆಗ ನನ್ನ ಬಳಿ ಇದ್ದದ್ದು ಒಂದು ಕ್ರಾಪ್ ಸೆನ್ಸರ್ (ಅಂದರೆ ಚಿಕ್ಕ ಸೆನ್ಸರಿನ) ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಕಿಟ್ ಲೆನ್ಸ್, ಮತ್ತೊಂದು 50 ಎಫ್ 1.8. ಫುಲ್ ಫ್ರೇಮ್ ಬಾಡಿ, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ, ತಗೊಳ್ಳುವುದು ಗಟ್ಟಿಯಾಗಿತ್ತು. ಅದಕ್ಕೆ ಯಾವ ಲೆನ್ಸ್ ಅನ್ನುವುದು ಮಾತ್ರ ತಿಂಗಳುಗಟ್ಟಲೆ ತಲೆ ತಿಂದಿತು.

ಸರ್ ಹತ್ತಿರ ಹೋಗಿ ಕೇಳಿದೆ. ಅವರು ಯಾವ ಲೆನ್ಸಿನ ಹೆಸರನ್ನೂ ಹೇಳಲಿಲ್ಲ. "ನೋಡಮ್ಮ, ಲೆನ್ಸ್ ಆಮೇಲೆ. ಮದುವೆ ಹಾಲಲ್ಲಿ ನೀನು ಎಲ್ಲಿ ನಿಂತ್ಕೋತೀಯ, ಅದನ್ನ ಮೊದಲು ಹೇಳು" ಅಂದರು.

ಈ ಒಂದು ಮಾತಿನ ಮೇಲೆ ನನ್ನ ಇಡೀ ಹುಡುಕಾಟ ನಡೆಯಿತು. ಸ್ಟುಡಿಯೋದಲ್ಲಿ ಜಾಗ ನಮ್ಮದು. ಹಿಂದೆ ಮುಂದೆ ಹೋಗಬಹುದು, ಕೂತವರನ್ನು ಸರಿಸಬಹುದು. ಮದುವೆಯಲ್ಲಿ ಹಾಗಲ್ಲ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ವೇದಿಕೆ, ಕುರ್ಚಿ ಸಾಲು, ನೆಂಟರು ಮತ್ತು ವಿಡಿಯೊದವರ ಟ್ರೈಪಾಡ್ ಎಲ್ಲ ಸೇರಿ ನಿರ್ಧಾರ ಮಾಡುತ್ತವೆ. ಲೆನ್ಸ್ ಅಂದರೆ ಆ ಸಿಕ್ಕ ಜಾಗದಿಂದ ಏನು ಕಾಣುತ್ತದೆ ಅನ್ನುವುದು ಅಷ್ಟೇ.

ಮೊದಲು ಮಾಡಿದ ಕೆಲಸ ಹಳೆಯ ಫೋಟೊಗಳನ್ನು ತೆರೆದು ಕೂತದ್ದು. ಪ್ರತಿ ಫೋಟೊ ಫೈಲಿನ ಒಳಗೆ ಅದನ್ನು ಯಾವ ಲೆನ್ಸಿನಲ್ಲಿ, ಎಷ್ಟು ಎಂಎಂನಲ್ಲಿ, ಯಾವ ಅಪರ್ಚರ್ (ಲೆನ್ಸ್ ತೆರೆಯುವ ಅಳತೆ), ಶಟರ್ (ಬೆಳಕು ಒಳಗೆ ಬಿಡುವ ಸಮಯ), ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅಂತ ಹೇಳುವ ಐಎಸ್‌ಒನಲ್ಲಿ ತೆಗೆದದ್ದು ಅಂತ ಕ್ಯಾಮೆರಾ ಬರೆದಿಟ್ಟಿರುತ್ತದೆ. ಅದೇ ಎಕ್ಸಿಫ್ ಮಾಹಿತಿ. ಲೈಟ್‌ರೂಮ್‌ನಲ್ಲಿ (ಫೋಟೊ ಜೋಡಿಸಿ ತಿದ್ದುವ ಸಾಫ್ಟ್‌ವೇರ್) ಮೆಟಾಡೇಟಾ ಫಿಲ್ಟರ್ ಹಾಕಿದರೆ ಯಾವ ಎಂಎಂನಲ್ಲಿ ಎಷ್ಟು ಫೋಟೊ ಅನ್ನುವ ಪಟ್ಟಿ ಸುಮ್ನೆ ಬಂದು ನಿಲ್ಲುತ್ತದೆ. ನಾನು ಎಲ್ಲ ಫೋಟೊ ಎಣಿಸಲಿಲ್ಲ. ಆಲ್ಬಮ್‌ಗೆ ಹೋದವನ್ನು ಮಾತ್ರ ತೆಗೆದುಕೊಂಡೆ. ಜನ ಇಷ್ಟಪಟ್ಟು ಆರಿಸಿದ ಫೋಟೊ ಯಾವ ಲೆನ್ಸಿನದು ಅಂತ ಗೊತ್ತಾದರೆ ಸಾಕಲ್ವಾ?

ಪಟ್ಟಿ ನೋಡಿ ನನಗೇ ಆಶ್ಚರ್ಯವಾಯಿತು. ಕಿಟ್ ಲೆನ್ಸಿನ ಮಧ್ಯದ ನಂಬರ್‌ಗಳು, 24, 30, 40 ಇವೆಲ್ಲ ಹೆಚ್ಚುಕಡಿಮೆ ಖಾಲಿ. ಒಂದೋ 18, ಇಲ್ಲ 55. ವೇದಿಕೆಯ ಫೋಟೊಗಳೆಲ್ಲ 55ಕ್ಕೆ ಹೋಗಿ ನಿಂತಿದ್ದವು. ಅಂದರೆ ಇನ್ನೂ ಹತ್ತಿರ ಬೇಕಿತ್ತು, ಲೆನ್ಸ್ ಅಲ್ಲಿಗೆ ಮುಗಿದಿತ್ತು. ವಧು ರೆಡಿಯಾಗುವ ಕೋಣೆಯ ಫೋಟೊಗಳೆಲ್ಲ 18ರಲ್ಲಿ. ಅಲ್ಲಿ ಹಿಂದೆ ಗೋಡೆ. ಕ್ರಾಪ್ ಸೆನ್ಸರಿನ ಲೆಕ್ಕವನ್ನು ಫುಲ್ ಫ್ರೇಮ್‌ಗೆ ತರಬೇಕಾದರೆ 1.5ರಿಂದ ಗುಣಿಸಬೇಕು (ಕೆನಾನ್ ಆದರೆ 1.6). ಹಾಗೆ ನೋಡಿದರೆ 18 ಅಂದರೆ 27, 55 ಅಂದರೆ ಸುಮಾರು 82. ಕೋಣೆಗೆ 28ರ ಆಸುಪಾಸು, ವೇದಿಕೆಗೆ 85 ಮತ್ತು ಅದಕ್ಕಿಂತ ಜಾಸ್ತಿ. ಇಷ್ಟು ಯಾರನ್ನೂ ಕೇಳದೆ ಗೊತ್ತಾಯಿತು.

ಒಂದು ಎಚ್ಚರ. ಈ ಪಟ್ಟಿ ಇರುವ ಲೆನ್ಸಿನ ಕಥೆ ಹೇಳುತ್ತದೆ, ಇಲ್ಲದ ಲೆನ್ಸಿನ ಕಥೆ ಹೇಳುವುದಿಲ್ಲ. 55ರಲ್ಲಿ ನಿಂತ ಫೋಟೊಗಳಿಗೆ ನಿಜವಾಗಿ 100 ಬೇಕಿತ್ತೋ 200 ಬೇಕಿತ್ತೋ ಅದರಲ್ಲಿ ಇರುವುದಿಲ್ಲ. ಅದಕ್ಕೆ ಹಾಲ್‌ಗೆ ಹೋಗಿ ಅಳೆಯಲೇಬೇಕು.

ಅಳತೆ ಅಂದರೆ ದೊಡ್ಡ ಕೆಲಸವೇನಲ್ಲ. ಮದುವೆಗೆ ಮೊದಲು ಹಾಲ್ ನೋಡಲು ಹೋದಾಗ ಹೆಜ್ಜೆ ಹಾಕಿ ಎಣಿಸುತ್ತಿದ್ದೆ. ವೇದಿಕೆಯ ಕೆಳಗೆ, ಮುಂದಿನ ಸಾಲಿಗೆ ಅಡ್ಡ ಬರದಂತೆ ನಿಂತರೆ ವಧು-ವರರಿಗೆ ಸುಮಾರು 4 ಮೀಟರ್. ಮಧ್ಯದ ದಾರಿಯ ಕೊನೆಯಲ್ಲಿ ನಿಂತರೆ 12 ಮೀಟರ್ ಹತ್ತಿರ. ಹಾಲ್‌ನಿಂದ ಹಾಲ್‌ಗೆ ವ್ಯತ್ಯಾಸ ಇದ್ದೇ ಇರುತ್ತದೆ. ಆದರೆ ಈ ಎರಡು ದೂರ ಮತ್ತೆ ಮತ್ತೆ ಎದುರಾಗುತ್ತಿದ್ದವು.

ಆಮೇಲೆ ಲೆಕ್ಕ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. ದೂರವನ್ನು 36ರಿಂದ ಗುಣಿಸಿ ಲೆನ್ಸಿನ ಎಂಎಂನಿಂದ ಭಾಗಿಸಿದರೆ ಆ ದೂರದಲ್ಲಿ ಫ್ರೇಮಿನೊಳಗೆ ಎಷ್ಟು ಅಗಲ ಬರುತ್ತದೆ ಅನ್ನುವುದು ಸಿಗುತ್ತದೆ. 4 ಮೀಟರ್‌ನಿಂದ 85ರಲ್ಲಿ 1.7 ಮೀಟರ್. ಇಬ್ಬರು ಅಕ್ಕಪಕ್ಕ ನಿಂತರೆ ಸೊಂಟದ ಮೇಲಿನ ಫೋಟೊ. 70ರಲ್ಲಿ 2 ಮೀಟರ್ ಚಿಲ್ಲರೆ. ಅದೇ 2 ಮೀಟರ್ ಚಿಲ್ಲರೆ 12 ಮೀಟರ್ ದೂರದಿಂದ ಬೇಕಾದರೆ 200 ಬೇಕು. 70-200 ಲೆನ್ಸನ್ನು ಜನ ಯಾಕೆ ಬಿಡುವುದಿಲ್ಲ ಅನ್ನುವುದು ನನಗೆ ಅರ್ಥವಾದದ್ದು ಈ ಲೆಕ್ಕ ಹಾಕಿದ ಮೇಲೆ. ಮುಂದೆ ನಿಂತರೂ ಹಿಂದೆ ನಿಂತರೂ ಅದೇ ಫ್ರೇಮ್ ಸಿಗುತ್ತದೆ. ಯಾರೋ ಬಂದು "ಸ್ವಲ್ಪ ಹಿಂದೆ ಹೋಗಿ ಮೇಡಂ" ಅಂದರೂ ಕೆಲಸ ನಿಲ್ಲುವುದಿಲ್ಲ.

ಈ ಲೆಕ್ಕದಲ್ಲಿ 35ಕ್ಕೆ ಒಂದು ಅನುಕೂಲ ಇದೆ. 36ಕ್ಕೂ 35ಕ್ಕೂ ಹೆಚ್ಚು ವ್ಯತ್ಯಾಸ ಇಲ್ಲವಲ್ಲ, ಹಾಗಾಗಿ ಎಷ್ಟು ದೂರವೋ ಅಷ್ಟೇ ಅಗಲ. 5 ಮೀಟರ್ ದೂರ ನಿಂತರೆ 5 ಮೀಟರ್ ಅಗಲ ಬರುತ್ತದೆ. 70ರಲ್ಲಿ ಅದರ ಅರ್ಧ. ಇಷ್ಟು ನೆನಪಿಟ್ಟುಕೊಂಡರೆ ಕಾಗದ ಪೆನ್ನು ಬೇಡ. ಕ್ಯಾಮೆರಾ ಉದ್ದ ಹಿಡಿದರೆ ಇದೇ ಲೆಕ್ಕ ಎತ್ತರಕ್ಕೆ ಅನ್ವಯಿಸುತ್ತದೆ. ಒಬ್ಬರನ್ನು ತಲೆಯಿಂದ ಕಾಲಿನವರೆಗೆ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು ತೆಗೆಯಲು 2.2 ಮೀಟರ್ ಎತ್ತರ ಬೇಕು ಅಂದುಕೊಳ್ಳಿ. 85ಕ್ಕೆ 5 ಮೀಟರ್‌ಗಿಂತ ಜಾಸ್ತಿ ಹಿಂದೆ ಹೋಗಬೇಕು. 50ಕ್ಕೆ 3 ಮೀಟರ್, 35ಕ್ಕೆ 2 ಮೀಟರ್ ಸ್ವಲ್ಪ ಮೇಲೆ. ರೆಡಿಯಾಗುವ ಕೋಣೆಯಲ್ಲಿ 5 ಮೀಟರ್ ಎಲ್ಲಿಂದ ತರುವುದು?

ಆ ಕೋಣೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಹೆಂಗಸಾದ್ದರಿಂದ ವಧುವಿನ ಮನೆಯವರು ನನ್ನನ್ನು ಬೇಗ ಒಳಗೆ ಬಿಡುತ್ತಾರೆ. ಹಾಗಾಗಿ ಅಲ್ಲಿ ನನ್ನ ಸಮಯ ಜಾಸ್ತಿ. ಒಂದು ಮಂಚ, ಅದರ ಮೇಲೆ ತೆರೆದ ಸೂಟ್‌ಕೇಸ್, ಒಂದು ಕನ್ನಡಿ, ಮೇಕಪ್ ಮಾಡುವವರು, ಅವರ ಲೈಟು, ಸುತ್ತ ನಾಲ್ಕೈದು ಜನ. ಬೆನ್ನು ಗೋಡೆಗೆ ತಾಗಿಸಿ ನಿಂತರೂ ವಧುವಿಗೂ ನನಗೂ ಮಧ್ಯೆ 2 ಮೀಟರ್ ಸಿಕ್ಕರೆ ಹೆಚ್ಚು. 50ರಲ್ಲಿ ಒಂದೂವರೆ ಮೀಟರ್ ಅಗಲ ಕೂಡ ಬರುವುದಿಲ್ಲ. ಮುಖ ಬರುತ್ತದೆ, ಕೋಣೆ ಬರುವುದಿಲ್ಲ. 35ರಲ್ಲಿ ಕೂತ ವಧು, ಪಕ್ಕದಲ್ಲಿ ಬಗ್ಗಿ ನಿಂತ ಅಮ್ಮ ಇಬ್ಬರೂ ಬರುತ್ತಾರೆ. 24ರಲ್ಲಿ ಕನ್ನಡಿಯೂ ಬರುತ್ತದೆ, ಸೂಟ್‌ಕೇಸೂ ಬರುತ್ತದೆ. ನನಗೆ ಆ ಸೂಟ್‌ಕೇಸ್ ಬೇಡ. ಹೀಗಾಗಿ ಕೋಣೆಗೆ 28ರಿಂದ 35 ಅಂತ ಮನಸ್ಸಿನಲ್ಲಿ ಬರೆದುಕೊಂಡೆ.

ಜಾಗದ ಲೆಕ್ಕ ಮುಗಿದ ಮೇಲೆ ಬೆಳಕಿನ ಲೆಕ್ಕ. ಮದುವೆ ಹಾಲ್ ಕಣ್ಣಿಗೆ ಝಗಮಗ ಅನ್ನಿಸುತ್ತದೆ, ಕ್ಯಾಮೆರಾಗೆ ಕತ್ತಲೆ. ನನ್ನ ಹಳೆಯ ಫೋಟೊಗಳಲ್ಲಿ ಪದೇ ಪದೇ ಕಂಡದ್ದು ಶಟರ್ 1/125, ಅಪರ್ಚರ್ ಎಫ್ 5.6, ಐಎಸ್‌ಒ 12800. ಕಿಟ್ ಲೆನ್ಸ್ 55ಕ್ಕೆ ಹೋದಾಗ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದೇ ಇಲ್ಲ. ಅದೇ ಜಾಗದಲ್ಲಿ ಎಫ್ 2.8 ಲೆನ್ಸ್ ಇದ್ದರೆ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ, ಐಎಸ್‌ಒ 3200ಕ್ಕೆ ಇಳಿಯುತ್ತದೆ. ಎಫ್ 1.4 ಇದ್ದರೆ ಮತ್ತೆ ನಾಲ್ಕು ಪಟ್ಟು, ಐಎಸ್‌ಒ 800. ಫೋಟೊದಲ್ಲಿ ಈ ವ್ಯತ್ಯಾಸ ಕಾಣುವುದು ಮೊದಲು ಚರ್ಮದ ಬಣ್ಣದಲ್ಲಿ. 12800ರಲ್ಲಿ ಕೆನ್ನೆಯ ಮೇಲೆ ಮರಳು ಚೆಲ್ಲಿದ ಹಾಗೆ ಗ್ರೇನ್ ಬರುತ್ತಿತ್ತು. ತೆಗೆಯಲು ಹೋದರೆ ರೆಪ್ಪೆಯ ಕೂದಲೂ ಅದರ ಜೊತೆ ಅಳಿಸಿಹೋಗುತ್ತಿತ್ತು.

ಲೆನ್ಸಿಗೆ ಬೆಳಕಿನ ಹಸಿವು ಹೊಸದಲ್ಲ. ಫೋಟೊಗ್ರಫಿ ಶುರುವಾದ ಹೊತ್ತಿನಲ್ಲಿ ಒಬ್ಬ ಮನುಷ್ಯನ ಚಿತ್ರ ತೆಗೆಯಬೇಕಾದರೆ ಅವನು ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. 1840ರಲ್ಲಿ ವಿಯೆನ್ನಾದ ಜೋಸೆಫ್ ಪೆಟ್ಸ್ವಾಲ್ ಎಂಬ ಗಣಿತದ ಪ್ರೊಫೆಸರ್ ಲೆಕ್ಕ ಹಾಕಿ ಒಂದು ಪೋರ್ಟ್ರೇಟ್ ಲೆನ್ಸ್ ವಿನ್ಯಾಸ ಮಾಡಿದರು. ಫೊಯ್ಗ್ಟ್‌ಲೆಂಡರ್ ಕಂಪನಿ ಅದನ್ನು ತಯಾರಿಸಿತು. ಅಪರ್ಚರ್ ಸುಮಾರು ಎಫ್ 3.6. ಕೂರುವ ಸಮಯ ಸೆಕೆಂಡುಗಳ ಲೆಕ್ಕಕ್ಕೆ ಇಳಿಯಿತು. ಇವತ್ತು ನಾವು ಎಫ್ 2.8 ಸಾಕೋ 1.4 ಬೇಕೋ ಅಂತ ಕೂತು ಯೋಚಿಸುವುದೂ ಅದೇ ಕಾರಣಕ್ಕೆ. ಎದುರಿಗಿರುವ ಮನುಷ್ಯ ಅಲುಗಾಡುತ್ತಾನೆ, ನಗುತ್ತಾನೆ, ಕಣ್ಣೀರು ಒರೆಸಿಕೊಳ್ಳುತ್ತಾನೆ.

ಇಲ್ಲಿ ಸ್ಟೆಬಿಲೈಸೇಶನ್ ಬಗ್ಗೆ ಒಂದು ಮಾತು. ಕೈ ನಡುಕವನ್ನು ಅದು ಚೆನ್ನಾಗಿ ತಡೆಯುತ್ತದೆ. ಆದರೆ ಎದುರಿನವರ ಚಲನೆಯನ್ನು ತಡೆಯುವುದಿಲ್ಲ. 1/30ರಲ್ಲಿ ಹಿಂದಿನ ಕಂಬ ಚೂಪಾಗಿ ಬರುತ್ತದೆ, ಉಂಗುರ ತೊಡಿಸುವ ಕೈ ಮಸುಕಾಗುತ್ತದೆ. ಮದುವೆಗೆ ಲೆನ್ಸ್ ಹುಡುಕುವಾಗ ಸ್ಟೆಬಿಲೈಸೇಶನ್‌ಗಿಂತ ಅಪರ್ಚರ್‌ಗೆ ನಾನು ಜಾಸ್ತಿ ಬೆಲೆ ಕೊಟ್ಟದ್ದು ಇದಕ್ಕೇ.

ಇಷ್ಟೆಲ್ಲ ಆದ ಮೇಲೆ ಬಾಡಿಗೆಗೆ ತಂದು ನೋಡುವ ಹಂತ. ಯಾರೇ ಕೇಳಲಿ, ಇದನ್ನು ಬಿಡಬೇಡಿ ಅಂತ ಹೇಳುತ್ತೇನೆ. ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡುವುದು ಬೇರೆ, ಇಡೀ ದಿನ ಕುತ್ತಿಗೆಗೆ ಹಾಕಿಕೊಂಡು ಓಡಾಡುವುದು ಬೇರೆ. ಒಂದು ಫುಲ್ ಫ್ರೇಮ್ ಬಾಡಿಯ ಜೊತೆ 24-70 ಎಫ್ 2.8, 70-200 ಎಫ್ 2.8, 35 ಎಫ್ 1.4, 85 ಎಫ್ 1.4 ಇವನ್ನು ಬೇರೆ ಬೇರೆ ಮದುವೆಗಳಿಗೆ ತಂದೆ. ಮುಖ್ಯ ಫೋಟೊಗ್ರಾಫರ್ ಸರ್ ಆಗಿದ್ದ ಮದುವೆಗಳಿಗೇ ಮೊದಲು ತಂದದ್ದು. ಕೊಡಬೇಕಾದ ಫೋಟೊಗೆ ಅವರಿದ್ದರು, ನನಗೆ ಕಲಿಯಲು ಅವಕಾಶ ಇತ್ತು.

85 ಎಫ್ 1.4 ಹಾಕಿ ಮೊದಲ ಫೋಟೊ ತೆಗೆದಾಗ ಆದ ಖುಷಿ ಈಗಲೂ ನೆನಪಿದೆ. ಹಿಂದಿನ ದೀಪಗಳೆಲ್ಲ ದೊಡ್ಡ ದೊಡ್ಡ ಬೆಳಕಿನ ಗೋಲಿಗಳಾಗಿ ಕರಗಿದ್ದವು. ಮುಂದೆ ಒಂದು ಮುಖ ಮಾತ್ರ. ಆದರೆ ಆ ತೆಳು ಫೋಕಸ್ ಎಷ್ಟು ತೆಳು ಅಂತ ಲೆಕ್ಕ ಹಾಕಿ ನೋಡಿ. ಫುಲ್ ಫ್ರೇಮ್‌ನಲ್ಲಿ 85, ಎಫ್ 1.4, 2 ಮೀಟರ್ ದೂರ. ಚೂಪಾಗಿ ಬರುವ ಆಳ ನಾಲ್ಕೂವರೆ ಸೆಂಟಿಮೀಟರ್ ಆಸುಪಾಸು. ಹತ್ತಿರದ ಕಣ್ಣಿಗೆ ಫೋಕಸ್ ಕೂತರೆ ಕಿವಿ ಆಗಲೇ ಕರಗಿರುತ್ತದೆ. ಒಬ್ಬರಿದ್ದಾಗ ಅದು ಚೆಂದ. ಇಬ್ಬರಿದ್ದಾಗ, ಒಬ್ಬರು ಒಂದು ಗೇಣು ಹಿಂದೆ ನಿಂತಿದ್ದರೆ, ಅವರ ಮುಖ ಹೋಯಿತು ಅಂತಲೇ ಲೆಕ್ಕ. ಇಬ್ಬರಿಗೂ ಫೋಕಸ್ ಬೇಕೆಂದರೆ ಎಫ್ 2.8, ಎಫ್ 4ಕ್ಕೆ ಬರಲೇಬೇಕು, ಅಥವಾ ಹಿಂದೆ ಸರಿಯಬೇಕು. ಹಾಗಿದ್ದ ಮೇಲೆ 1.4 ಎಷ್ಟು ಹೊತ್ತು ಬಳಕೆಗೆ ಬರುತ್ತದೆ? ನನ್ನ ಫೋಟೊಗಳಲ್ಲಿ ಒಬ್ಬರೇ ಇರುವ ಹೊತ್ತು ಕಡಿಮೆ. ಮದುವೆ ಅಂದರೆ ಇಬ್ಬರು, ಮೂವರು, ಹತ್ತು ಜನ. ಎಫ್ 1.8ರ 85 ನನಗೆ ಸಾಕು ಅನ್ನುವ ತೀರ್ಮಾನಕ್ಕೆ ಬಂದದ್ದು ಇಲ್ಲಿಂದ. ಬೆಳಕಿನಲ್ಲಿ ವ್ಯತ್ಯಾಸ ಮುಕ್ಕಾಲು ಸ್ಟಾಪ್ ಕೂಡ ಇಲ್ಲ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು), ತೂಕದಲ್ಲಿ ಬೇಕಾದಷ್ಟಿದೆ.

ಅದೇ 85ನ್ನು ವೇದಿಕೆಯ ಮುಂದೆ ಹಿಡಿದು ನಿಂತಾಗ ಇನ್ನೊಂದು ವಿಷಯ ಅರ್ಥವಾಯಿತು. ಉಂಗುರ ತೊಡಿಸುವ ಹೊತ್ತು. ಎಲ್ಲ ಸರಿಯಾಗಿತ್ತು, ಇಬ್ಬರ ಕೈಗಳು ಫ್ರೇಮಿನ ಮಧ್ಯದಲ್ಲಿ. ಅಷ್ಟರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಮೊಮ್ಮಗಳ ಮದುವೆ ಹತ್ತಿರದಿಂದ ನೋಡಲು ಎದ್ದು ಎರಡು ಹೆಜ್ಜೆ ಮುಂದೆ ಬಂದರು. ಅವರ ಹಕ್ಕು ಅದು, ಬೇಡ ಅನ್ನಲು ನಾನು ಯಾರು? ನಾನು ಪಕ್ಕಕ್ಕೆ ಸರಿದು ಮುಂದೆ ಹೋಗಬೇಕಾಯಿತು. ಈಗ ದೂರ ಎರಡೂವರೆ ಮೀಟರ್. 85ರಲ್ಲಿ ಒಂದು ಮೀಟರ್ ಅಗಲ ಮಾತ್ರ. ಕೈಗಳು ಸಿಕ್ಕವು, ಮುಖಗಳು ಹೊರಗೆ. ಪಕ್ಕದಲ್ಲಿ ಸರ್ 24-70 ಹಿಡಿದಿದ್ದರು. ಸುಮ್ನೆ ರಿಂಗ್ ತಿರುಗಿಸಿದರು, ಹಿರಿಯರ ಭುಜವನ್ನೂ ಫ್ರೇಮಿನ ಒಂದು ಮೂಲೆಗೆ ಸೇರಿಸಿಕೊಂಡು ತೆಗೆದರು. ಆಲ್ಬಮ್‌ಗೆ ಹೋದದ್ದು ಆ ಫೋಟೊ. ಅಜ್ಜನ ಭುಜ ಅದರಲ್ಲಿ ಇದ್ದದ್ದರಿಂದಲೇ ಮನೆಯವರಿಗೆ ಅದು ಇಷ್ಟವಾಯಿತು.

"ಕಾಲಿನಿಂದ ಜೂಮ್ ಮಾಡಿ" ಅನ್ನುವ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಕಲಿಯುವಾಗ ಒಳ್ಳೆಯ ಸಲಹೆ. ಮದುವೆಯ ಮುಖ್ಯ ಗಳಿಗೆಗೆ ಅದು ನಡೆಯುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಕಾಲು ಕಟ್ಟಿಹಾಕಿದ ಹಾಗೆ. ಮತ್ತೆ, ಕಾಲಿನಿಂದ ಹತ್ತಿರ ಹೋದರೆ ಮುಖದ ಆಕಾರವೂ ಬದಲಾಗುತ್ತದೆ. ಒಂದು ಮೀಟರ್ ಒಳಗೆ ಹೋಗಿ ತೆಗೆದ ಮುಖದಲ್ಲಿ ಮೂಗು ದೊಡ್ಡದು, ಕಿವಿ ಚಿಕ್ಕದು. ಇದಕ್ಕೆ ಲೆನ್ಸ್ ಕಾರಣ ಅಂತ ಜನ ಹೇಳುತ್ತಾರೆ. ಕಾರಣ ದೂರ. ಎರಡು ಮೂರು ಮೀಟರ್ ಹಿಂದೆ ನಿಂತು ತೆಗೆದರೆ ಮುಖ ನಾವು ದಿನಾ ನೋಡುವ ಹಾಗೆ ಬರುತ್ತದೆ. 85 ಪೋರ್ಟ್ರೇಟ್‌ಗೆ ಚೆನ್ನಾಗಿರುವುದು ಅದು ನಮ್ಮನ್ನು ಆ ದೂರಕ್ಕೆ ತಳ್ಳುತ್ತದೆ ಅನ್ನುವುದಕ್ಕೆ.

35 ಎಫ್ 1.4 ನನ್ನ ಮನಸ್ಸಿಗೆ ತುಂಬಾ ಹಿಡಿಸಿದ ಲೆನ್ಸ್. ಕೋಣೆಯಲ್ಲಿ, ಕುಣಿಯುವ ಜಾಗದಲ್ಲಿ, ಜನರ ಮಧ್ಯೆ ನುಗ್ಗಿ ಹೋದಾಗ ಅದರಷ್ಟು ಸಲೀಸು ಇನ್ನೊಂದಿಲ್ಲ. ಒಬ್ಬರು ಮುಂದೆ ನಗುತ್ತಿದ್ದರೆ ಹಿಂದೆ ಯಾರು ಕುಣಿಯುತ್ತಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ. ಜನರ ಮಧ್ಯೆ ನಡೆದಾಡಲು ಬಿಡುವ ಹೊತ್ತಿಗೆ ಪ್ರೈಮ್, ಒಂದೇ ಕಡೆ ನಿಲ್ಲಿಸುವ ಹೊತ್ತಿಗೆ ಜೂಮ್. ಬಾಡಿಗೆ ದಿನಗಳು ಮುಗಿಯುವ ಹೊತ್ತಿಗೆ ನನ್ನ ಲೆಕ್ಕ ಇಲ್ಲಿಗೆ ಬಂದು ನಿಂತಿತ್ತು.

70-200ರ ಬಗ್ಗೆ ಎಲ್ಲರೂ ಹೇಳುವುದು ಸತ್ಯ, ಅದರ ತೂಕವೂ ಸತ್ಯ. ನಾನು ತಂದದ್ದು ಹಳೆಯ ಮಾದರಿ, ಸುಮಾರು ಒಂದೂವರೆ ಕಿಲೊ. ಬೆಳಿಗ್ಗೆ ಗೊತ್ತಾಗುವುದಿಲ್ಲ. ಸಂಜೆ ಆರತಕ್ಷತೆ ಹೊತ್ತಿಗೆ ಎಡಗೈ ಮಣಿಕಟ್ಟು ಕೇಳುವುದಿಲ್ಲ. ಕೈ ಸೋತರೆ ಫೋಟೊ ಅಲುಗುತ್ತದೆ, ಅದಕ್ಕಿಂತ ಹೆಚ್ಚಾಗಿ ಕ್ಯಾಮೆರಾ ಎತ್ತುವುದೇ ಕಡಿಮೆಯಾಗುತ್ತದೆ. ಈಗೀಗ ತಯಾರಕರು ತೂಕದ ಕಡೆ ಗಮನ ಕೊಟ್ಟಿದ್ದಾರೆ. ಸೋನಿಯ ಮೇಲ್ದರ್ಜೆಯ ಜಿಎಂ ಸಾಲಿನ ಮೊದಲ 70-200 ಎಫ್ 2.8 1480 ಗ್ರಾಂ ಇತ್ತು. 2021ರಲ್ಲಿ ಬಂದ ಎರಡನೆಯದು 1045 ಗ್ರಾಂ. ಕೆನಾನ್ ಆರ್‌ಎಫ್ 70-200 ಎಫ್ 2.8 ಕೂಡ 1070 ಗ್ರಾಂ. 2020ರಲ್ಲಿ ಟ್ಯಾಮ್ರಾನ್ 200ರ ಬದಲು 180ಕ್ಕೆ ನಿಲ್ಲಿಸಿ 70-180 ಎಫ್ 2.8 ಮಾಡಿತು, ತೂಕ 810 ಗ್ರಾಂ ಹತ್ತಿರ. 12 ಮೀಟರ್‌ನಿಂದ 180ರಲ್ಲಿ 2.4 ಮೀಟರ್ ಅಗಲ ಬರುತ್ತದೆ. 200ರಲ್ಲಿ 2.16. ಈ ವ್ಯತ್ಯಾಸವನ್ನು ಕ್ರಾಪ್ ಮಾಡಿ ಸರಿಮಾಡಬಹುದು. ಮಣಿಕಟ್ಟನ್ನು ಕ್ರಾಪ್ ಮಾಡಲಾಗುವುದಿಲ್ಲ.

ಗ್ರೂಪ್ ಫೋಟೊಗೆ 16-35 ಬೇಕೇ ಬೇಕು ಅಂತ ಹಲವರು ಹೇಳಿದ್ದರು. ನಾನು ಒಪ್ಪಲಿಲ್ಲ. ಹದಿನೈದು ಜನರ ಸಾಲು 8 ಮೀಟರ್ ಅಗಲ ಆಗುತ್ತದೆ. 24ರಲ್ಲಿ 5 ಮೀಟರ್ ಸ್ವಲ್ಪ ಮೇಲೆ ಹಿಂದೆ ನಿಂತರೆ ಎಲ್ಲರೂ ಬರುತ್ತಾರೆ ನಿಜ. ಆದರೆ ಸಾಲಿನ ಎರಡು ತುದಿಯಲ್ಲಿ ನಿಂತವರ ಮುಖ ಕಾಲು ಭಾಗದಷ್ಟು ಅಗಲಕ್ಕೆ ಎಳೆದುಕೊಳ್ಳುತ್ತದೆ. ಅವರಿಗೆ ಆಲ್ಬಮ್ ನೋಡಿದಾಗ ಬೇಜಾರಾಗದೆ ಇರುತ್ತದಾ? ಅದಕ್ಕೆ 35 ಹಾಕಿ, 8 ಮೀಟರ್ ಹಿಂದೆ ಹೋಗಲು ಮುಂದಿನ ಕುರ್ಚಿ ಸರಿಸಲು ಹೇಳುತ್ತೇನೆ. ಗ್ರೂಪ್ ಫೋಟೊ ಹೊತ್ತಿನಲ್ಲಿ ಕುರ್ಚಿ ಸರಿಸಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಅದು ಆಗದ ಹಾಲ್‌ನಲ್ಲಿ ಜನರನ್ನು ಎರಡು ಸಾಲು ಮಾಡಿ, ಎಫ್ 5.6 ಇಟ್ಟು, ಫ್ಲ್ಯಾಶ್ ಬಳಸುತ್ತೇನೆ. ಅಗಲದ ಲೆನ್ಸ್ ಬೇಕಾಗುವುದು ಇಡೀ ಹಾಲ್ ಒಂದೇ ಫ್ರೇಮಿನಲ್ಲಿ ತೋರಿಸುವಾಗ. ಅಂಥ ಫೋಟೊ ಮದುವೆಗೆ ಒಂದೋ ಎರಡೋ.

ಇನ್ನು ಉಂಗುರ, ಒಡವೆಗಳ ಕ್ಲೋಸಪ್. ಮ್ಯಾಕ್ರೊ ಲೆನ್ಸ್ ಇದ್ದರೆ 1:1 ಅಳತೆ ಸಿಗುತ್ತದೆ, ಅಂದರೆ ವಸ್ತು ಸೆನ್ಸರ್ ಮೇಲೆ ಅದರ ನಿಜ ಗಾತ್ರದಲ್ಲೇ ಬೀಳುತ್ತದೆ, 2 ಸೆಂಟಿಮೀಟರ್ ಉಂಗುರ ಫ್ರೇಮಿನ ಅರ್ಧಕ್ಕಿಂತ ಜಾಸ್ತಿ ತುಂಬುತ್ತದೆ. ಆದರೆ ಕೆಲವೇ ಫೋಟೊಗಳಿಗೆ ಒಂದು ಲೆನ್ಸ್ ಹೊತ್ತು ತಿರುಗಲು ನನಗೆ ಮನಸ್ಸಾಗಲಿಲ್ಲ. ಎಕ್ಸ್‌ಟೆನ್ಷನ್ ಟ್ಯೂಬ್ ತಗೊಂಡೆ. ಒಳಗೆ ಗಾಜು ಇಲ್ಲದ ಖಾಲಿ ಕೊಳವೆ ಅದು, ಬಾಡಿಗೂ ಲೆನ್ಸಿಗೂ ನಡುವೆ ಹಾಕುವುದು. ನನ್ನ 85 ಸುಮ್ನೆ ಹಾಕಿದರೆ 80 ಸೆಂಟಿಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. 10 ಮತ್ತು 16 ಎಂಎಂ ಟ್ಯೂಬ್ ಎರಡೂ ಸೇರಿಸಿದರೆ ಸುಮಾರು 8 ಸೆಂಟಿಮೀಟರ್ ಅಗಲದ ಜಾಗ ಇಡೀ ಫ್ರೇಮ್ ತುಂಬುತ್ತದೆ. ಎರಡು ಉಂಗುರ ಅಕ್ಕಪಕ್ಕ ಇಡಲು ಅದು ಹೇಳಿ ಮಾಡಿಸಿದ ಅಳತೆ.

ಮೌಂಟ್, ಅಂದರೆ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ, ಕಂಪನಿಗೊಂದು ತರಹ. ಅದನ್ನು ಆರಿಸುವಾಗಲೂ ಲೆನ್ಸನ್ನೇ ಮುಂದಿಟ್ಟುಕೊಂಡೆ. ಬಾಡಿ ನಾಲ್ಕೈದು ವರ್ಷಕ್ಕೆ ಬದಲಾಗುತ್ತದೆ, ಲೆನ್ಸ್ ಅದಕ್ಕಿಂತ ಜಾಸ್ತಿ ದಿನ ಬಾಳುತ್ತದೆ. ಸೋನಿ ಇ ಮೌಂಟ್‌ಗೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳು ಧಾರಾಳವಾಗಿವೆ. ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತವೆ. ಹಾಗಾಗಿ ಸೋನಿಯ ಹಳೆಯ ಎ7 ತ್ರೀ ಬಾಡಿ ತಗೊಂಡೆ. ಅದಕ್ಕೆ ಎರಡು ಕಾರ್ಡ್ ಸ್ಲಾಟ್ ಇದೆ, ಒಂದು ಕಾರ್ಡ್ ಕೆಟ್ಟರೂ ಫೋಟೊ ಇನ್ನೊಂದರಲ್ಲಿ ಉಳಿಯುತ್ತದೆ. ಮದುವೆ ತೆಗೆಯುವವರಿಗೆ ಅದು ಬಹಳ ಮುಖ್ಯ. ಈಗಾಗಲೇ ಕೆನಾನ್ ಅಥವಾ ನಿಕಾನ್ ಲೆನ್ಸ್ ಇಟ್ಟುಕೊಂಡವರಿಗೆ ಅದೇ ಕಂಪನಿಯ ಹೊಸ ಕ್ಯಾಮೆರಾ ತಗೊಂಡು, ನಡುವೆ ಆ ಕಂಪನಿಯದೇ ಅಡಾಪ್ಟರ್ ಹಾಕಿ ಹಳೆಯ ಲೆನ್ಸ್‌ಗಳಲ್ಲೇ ಮುಂದುವರಿಯುವುದು ಸುಲಭ. ಒಂದು ವಿಷಯ ನೋಡಿಕೊಳ್ಳಿ. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್‌ಗಳಲ್ಲಿ ಮೋಟಾರ್ ಇರುವುದಿಲ್ಲ, ಎಫ್‌ಟಿಝಡ್ ಎಂಬ ನಿಕಾನ್ ಅಡಾಪ್ಟರಿನಲ್ಲಿ ಅವು ಆಟೊಫೋಕಸ್ ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡುವಾಗ ಜೇಬಿನಲ್ಲಿ ಒಂದು ಸಣ್ಣ ಟಾರ್ಚ್ ಇಟ್ಟುಕೊಂಡು ಹೋಗುತ್ತಿದ್ದೆ. ಲೆನ್ಸಿನ ಎರಡೂ ಮುಚ್ಚಳ ತೆಗೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಒಂದೆರಡು ಧೂಳಿನ ಕಣ ಕಂಡರೆ ಚಿಂತೆ ಇಲ್ಲ. ಜೇಡರ ಬಲೆ ತರಹದ ಎಳೆ ಕಂಡರೆ ಅದು ಫಂಗಸ್, ಬಿಟ್ಟು ಬರಬೇಕು. ಮಂಜು ಕವಿದ ಹಾಗೆ ಬೆಳ್ಳಗೆ ಇದ್ದರೂ ಬೇಡ. ಒಬ್ಬರು ಮಾರಲು ತಂದ 85ರಲ್ಲಿ ಅಂಚಿನ ಹತ್ತಿರ ಅಂಥ ಎಳೆ ಇತ್ತು. ಹಗಲು ಬೆಳಕಿನಲ್ಲಿ ಏನೂ ಕಾಣುತ್ತಿರಲಿಲ್ಲ, ಟಾರ್ಚಿಗೆ ಮಾತ್ರ ಕಂಡಿತು. ಆಮೇಲೆ ಲೆನ್ಸನ್ನು ಕ್ಯಾಮೆರಾಗೆ ಹಾಕಿ ಒಂದು ಇಟ್ಟಿಗೆ ಗೋಡೆಯನ್ನು ನೇರವಾಗಿ, ಅಪರ್ಚರ್ ಪೂರ್ತಿ ತೆರೆದು ತೆಗೆಯಬೇಕು. ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಬೇಕು. ನಾಲ್ಕೂ ಒಂದೇ ತರಹ ಸ್ವಲ್ಪ ಮೆತ್ತಗಿದ್ದರೆ ಅದು ಲೆನ್ಸಿನ ಸ್ವಭಾವ. ಎಡಗಡೆ ಚೂಪು, ಬಲಗಡೆ ಮಸುಕು ಅಂದರೆ ಒಳಗಿನ ಗಾಜು ಜಾಗ ತಪ್ಪಿದೆ, ಎಲ್ಲೋ ಬಿದ್ದಿರಬಹುದು.

ವೇದಿಕೆಯ ಲೈಟುಗಳು ನೇರ ಕ್ಯಾಮೆರಾ ಕಡೆ ಹೊಡೆಯುವುದರಿಂದ ಫ್ಲೇರ್ (ಎದುರು ಬೆಳಕು ಲೆನ್ಸಿನೊಳಗೆ ಪ್ರತಿಫಲಿಸಿ ಫೋಟೊದಲ್ಲಿ ಕಾಣುವುದು) ಪರೀಕ್ಷೆಯೂ ಮಾಡುತ್ತಿದ್ದೆ. ಒಂದು ದೀಪವನ್ನು ಫ್ರೇಮಿನ ಮೂಲೆಯಲ್ಲಿಟ್ಟು ತೆಗೆಯುವುದು. ಲೆನ್ಸಿನ ಮುಂದೆ ಯುವಿ ಫಿಲ್ಟರ್ (ಅದನ್ನು ಕಾಪಾಡಲು ಹಾಕುವ ಗಾಜು) ಇದ್ದರೆ ದೀಪದ ನೆರಳಚ್ಚು ಫ್ರೇಮಿನ ಎದುರು ಬದಿಯಲ್ಲಿ ತೇಲುತ್ತದೆ. ಅಂದಿನಿಂದ ಹಾಲ್‌ನ ಒಳಗೆ ನಾನು ಫಿಲ್ಟರ್ ಹಾಕುವುದಿಲ್ಲ, ಲೆನ್ಸಿನ ತುದಿಗೆ ಸಿಕ್ಕಿಸುವ ಹುಡ್ ಮಾತ್ರ. ಜನಜಂಗುಳಿಯಲ್ಲಿ ತಾಗಿದರೂ ಹುಡ್ ತಡೆಯುತ್ತದೆ.

ತಗೊಂಡ ಸಾಲು ಹೀಗಿದೆ. ಮೊದಲು ಟ್ಯಾಮ್ರಾನ್ 28-75 ಎಫ್ 2.8, 2021ರಲ್ಲಿ ಬಂದ ಎರಡನೆಯ ಮಾದರಿ. 540 ಗ್ರಾಂ. 24 ಇಲ್ಲವಲ್ಲ ಅಂತ ಕೆಲವರು ಕೇಳಿದರು. ಜಾಗದ ಲೆಕ್ಕ ಹಾಕಿದಾಗಲೇ ಕೋಣೆಗೆ 28 ಸಾಕು ಅಂತ ಗೊತ್ತಾಗಿತ್ತು. ಜೊತೆಗೆ ಸೋನಿ 85 ಎಫ್ 1.8, 371 ಗ್ರಾಂ. ಈ ಎರಡರಲ್ಲೇ ಹಲವು ಮದುವೆ ನಡೆದವು. ದೊಡ್ಡ ಹಾಲ್ ಇದ್ದಾಗ ಮಾತ್ರ ಉದ್ದದ ಜೂಮ್ ಬಾಡಿಗೆಗೆ ತರುತ್ತಿದ್ದೆ. ಪದೇ ಪದೇ ತರುವುದಾಯಿತು, ಆಗ 70-180 ತಗೊಂಡೆ. ಆಮೇಲೆ ಎರಡನೇ ಬಾಡಿ. ಎರಡನೇ ಬಾಡಿಯನ್ನು ಲೆನ್ಸಿನ ಲೆಕ್ಕಕ್ಕೇ ಸೇರಿಸಬೇಕು ಅನ್ನುತ್ತೇನೆ. ಮುಖ್ಯ ಗಳಿಗೆಯಲ್ಲಿ ಲೆನ್ಸ್ ಬಿಚ್ಚಿ ಹಾಕಲು ಸಮಯ ಎಲ್ಲಿ? ಬಲಗಡೆ 28-75, ಎಡಗಡೆ 70-180, ಎರಡೂ ಭುಜದಿಂದ ನೇತಾಡುತ್ತಿದ್ದರೆ 28ರಿಂದ 180ರವರೆಗೆ ಎಲ್ಲ ಕೈಯಳತೆಯಲ್ಲಿ. ಗಂಡು ಹೆಣ್ಣು ಇಬ್ಬರನ್ನೇ ಹೊರಗೆ ಕರೆದುಕೊಂಡು ಹೋಗಿ ತೆಗೆಯುವಾಗ ಎರಡನ್ನೂ ಇಳಿಸಿ 85 ಹಾಕುತ್ತೇನೆ. ಅಲ್ಲಿ ಹಿಂದೆ ಮುಂದೆ ಹೋಗಲು ಯಾರೂ ಅಡ್ಡಿ ಇಲ್ಲ. ಕಡೆಗೆ ಬಂದದ್ದು 35 ಎಫ್ 1.8, 280 ಗ್ರಾಂ, ಕುಣಿತದ ಹೊತ್ತಿಗೆ.

ಮುಂದಿನ ಸೀಸನ್‌ಗೆ ಟ್ಯಾಮ್ರಾನ್ 35-150 ಎಫ್ 2-2.8 ಬಾಡಿಗೆಗೆ ತಂದು ನೋಡುವ ಯೋಚನೆ ಇದೆ. ವೇದಿಕೆಯ ಮುಂದಿನ 4 ಮೀಟರ್‌ಗೆ ಅದರಷ್ಟು ಸರಿಯಾದ ಅಳತೆ ಇನ್ನೊಂದಿಲ್ಲ, 35ರಲ್ಲಿ ಎಫ್ 2 ಬೇರೆ. 12 ಮೀಟರ್‌ನಿಂದ 150ರಲ್ಲಿ 2.9 ಮೀಟರ್ ಅಗಲ ಬರುತ್ತದೆ, ಸ್ವಲ್ಪ ಕ್ರಾಪ್ ಮಾಡಬೇಕಾಗುತ್ತದೆ. ತೂಕ 1165 ಗ್ರಾಂ. ಒಂದು ಭುಜಕ್ಕೆ ಅದು, ಇನ್ನೊಂದಕ್ಕೆ 28-75 ಇರಲೋ 85 ಇರಲೋ ಅನ್ನುವುದನ್ನು ಒಂದು ಪೂರ್ತಿ ದಿನ ಹೊತ್ತು ನೋಡಿಯೇ ಹೇಳಬೇಕು.